ಬಿಟ್ಟು ಬಿಟ್ಟು ಕಡಿಯುವ ಉಳಿ

(ಬಳಗದ ವಸಂತ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ದಾಸಸಾಹಿತ್ಯದ ಮೇಲೋ ಕುಮಾರವ್ಯಾಸನ ಮೇಲೋ ಉಪನ್ಯಾಸ ಕೇಳಿ ರೂಢಿಯಾದ ಈ ವೇದಿಕೆಗೆ ಲೋಹ ಕಡಿಯುವ ಕಸುಬಿನವರನ್ನು ಕರೆದದ್ದು ತಮ್ಮ ಔದಾರ್ಯ. ಊಟದ ವೇಳೆಗೆ ಮುಗಿಸಬೇಕೆಂದು ಕಾರ್ಯದರ್ಶಿಗಳು ಎಚ್ಚರಿಸಿದ್ದಾರೆ. ಒಳಗಿನಿಂದ ಬರುತ್ತಿರುವ ಬಿಸಿಬೇಳೆಭಾತಿನ ಪರಿಮಳವೂ ಅದನ್ನೇ ಹೇಳುತ್ತಿದೆ. ಆದ್ದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ತಮ್ಮಲ್ಲಿ ಅನೇಕರ ತಂದೆತಾಯಿಗಳು ಊರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿರಬಹುದು. "ಲೇಸರ್ ಮಾಡಿಸಿಕೊಂಡೆವು, ಹೊಲಿಗೆಯೇ ಇಲ್ಲ" ಎಂದು ದೂರವಾಣಿಯಲ್ಲಿ ಹೇಳಿಯೂ ಇರಬಹುದು. ಬಹುಪಾಲು ಸಂದರ್ಭಗಳಲ್ಲಿ ಅದು ಲೇಸರ್ ಅಲ್ಲ. ಟೈಟೇನಿಯಂ ಲೋಹದ ಒಂದು ಟೊಳ್ಳು ಸೂಜಿ ಸೆಕೆಂಡಿಗೆ ಸುಮಾರು ೪೦,೦೦೦ ಸಲ ಕಂಪಿಸುತ್ತ ಪೊರೆಗಟ್ಟಿದ ಮಸೂರವನ್ನು ಪುಡಿಮಾಡಿ ಹೀರಿಕೊಳ್ಳುತ್ತದೆ. ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಕೆಲ್ಮನ್ ೧೯೬೭ರಲ್ಲಿ ಈ ವಿಧಾನವನ್ನು ಬಳಕೆಗೆ ತಂದರು. ದಂತವೈದ್ಯರ ಕುರ್ಚಿಯಲ್ಲಿ ಕುಳಿತಿದ್ದಾಗ, ಹಲ್ಲಿನ ಕಿಟ್ಟ ತೆಗೆಯುವ ಕಂಪನದ ಉಪಕರಣವನ್ನು ಕಂಡು ಅವರಿಗೆ ಇದು ಹೊಳೆಯಿತು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಮಾತ್ರ ಕೇಳಿಸಿಕೊಳ್ಳಬಲ್ಲದು. ಅದಕ್ಕೆ ಮೇಲ್ಪಟ್ಟದ್ದು ಶ್ರವಣಾತೀತ. ನಾಯಿಗೆ ಕೇಳಿಸುತ್ತದೆ, ಬಾವಲಿಗೆ ಕೇಳಿಸುತ್ತದೆ, ನಮಗೆ ಇಲ್ಲ. ಟೈಟೇನಿಯಂ ಸೂಜಿ ಕಂಪಿಸಿ ಕಣ್ಣನ್ನು ಉಳಿಸುವ ಕಥೆ ಅದು. ಅದೇ ಕಂಪನದಿಂದ ಟೈಟೇನಿಯಂ ಲೋಹವನ್ನೇ ಕಡಿಯುವ ಕಥೆ ಇಂದು ನಮ್ಮದು.

ಮಾಗಿದ ಟೊಮೇಟೊವನ್ನು ಚಾಕುವಿನಿಂದ ಒತ್ತಿದರೆ ಅದು ಅಪ್ಪಚ್ಚಿಯಾಗುತ್ತದೆ. ಚಾಕುವನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ತೆಳುವಾದ ಹೋಳು ಬರುತ್ತದೆ. ಇದನ್ನು ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಲಸಿನ ಹಣ್ಣು ಬಿಡಿಸುವಾಗ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಏಕೆಂಬುದೂ ಗೊತ್ತು. ಇಲ್ಲದಿದ್ದರೆ ಮೇಣ ಅಂಟಿ ಕತ್ತಿ ಮುಂದೆ ಸಾಗದು. ವಿಮಾನದ ಎಂಜಿನ್ನಿಗೆ ಬಳಸುವ ಲೋಹಗಳು ಏಕಕಾಲದಲ್ಲಿ ಟೊಮೇಟೊವಿನಂತೆಯೂ ಹಲಸಿನಂತೆಯೂ ವರ್ತಿಸುತ್ತವೆ ಎಂದರೆ ತಾವು ನಗಬಹುದು. ಆದರೆ ಇದು ವಿನೋದವಲ್ಲ.

ಈ ಲೋಹಗಳಲ್ಲಿ ಎರಡನ್ನು ಮಾತ್ರ ಹೆಸರಿಸುತ್ತೇವೆ. ಒಂದು, ನೂರಕ್ಕೆ ೯೦ ಪಾಲು ಟೈಟೇನಿಯಂ, ೬ ಪಾಲು ಅಲ್ಯೂಮಿನಿಯಂ, ೪ ಪಾಲು ವನೇಡಿಯಂ ಸೇರಿದ ಮಿಶ್ರಲೋಹ. ಎಂಜಿನ್ನಿನ ಮುಂಭಾಗದ, ಅಷ್ಟಾಗಿ ಬಿಸಿಯಾಗದ ಬಿಲ್ಲೆಗಳೂ ರೆಕ್ಕೆಗಳೂ ಇದರಿಂದಾಗುತ್ತವೆ. ಇನ್ನೊಂದು ಇಂಕೊನೆಲ್ ೭೧೮. ಅದರಲ್ಲಿ ಅರ್ಧಕ್ಕೂ ಹೆಚ್ಚು ನಿಕ್ಕಲ್. ಉಳಿದದ್ದು ಕ್ರೋಮಿಯಂ, ಕಬ್ಬಿಣ, ನಯೋಬಿಯಂ ಮೊದಲಾದವು. ಸುಮಾರು ೬೫೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಇದು ತನ್ನ ಬಲವನ್ನು ಬಿಟ್ಟುಕೊಡುವುದಿಲ್ಲ. ಇವು ವಜ್ರದಂತೆ ಗಟ್ಟಿಯೆಂದು ತಿಳಿಯಬಾರದು. ಕಷ್ಟವಿರುವುದು ಬೇರೆ ಕಡೆ. ಕಡಿಯುವಾಗ ಹುಟ್ಟುವ ಶಾಖವನ್ನು ಅಲ್ಯೂಮಿನಿಯಂ ತನ್ನ ಮೈಯೆಲ್ಲ ಹರಡಿಕೊಳ್ಳುತ್ತದೆ; ಉಕ್ಕು ತಕ್ಕಮಟ್ಟಿಗೆ ಹರಡಿಕೊಳ್ಳುತ್ತದೆ. ಈ ಟೈಟೇನಿಯಂ ಮಿಶ್ರಲೋಹದ ಉಷ್ಣವಾಹಕತೆ ಸಾಮಾನ್ಯ ಉಕ್ಕಿನದರ ಏಳನೆಯ ಒಂದು ಪಾಲು ಮಾತ್ರ. ಹೀಗಾಗಿ ಶಾಖವೆಲ್ಲ ಉಳಿಯ ಮೊನೆಯಲ್ಲೇ ನಿಂತುಬಿಡುತ್ತದೆ. ಕಾದ ಟೈಟೇನಿಯಂ ಉಳಿಗೆ ಅಂಟಿಕೊಳ್ಳುತ್ತದೆ. ಅದರ ಬಿಗಿತ ಉಕ್ಕಿನದರಲ್ಲಿ ಅರ್ಧದಷ್ಟೇ ಆದ್ದರಿಂದ ಒತ್ತಿದರೆ ಹಿಂದಕ್ಕೆ ಬಾಗಿ, ಬಿಟ್ಟೊಡನೆ ಮರಳಿ ಬಂದು ಉಳಿಯ ಬೆನ್ನನ್ನು ಉಜ್ಜುತ್ತದೆ. ಇಂಕೊನೆಲ್ಲಿನದು ಇನ್ನೊಂದು ಹಟ: ಉಳಿ ತಾಗಿದಷ್ಟೂ ತಾಗಿದ ಜಾಗ ಗಡುಸಾಗುತ್ತ ಹೋಗುತ್ತದೆ. ಮೊಂಡಾದ ಉಳಿಯಿಂದ ಒಮ್ಮೆ ಉಜ್ಜಿದರೆ ಮುಂದಿನ ಸುತ್ತಿನಲ್ಲಿ ಎದುರಾಗುವುದು ಮೊದಲಿಗಿಂತ ಕಠಿಣವಾದ ಚರ್ಮ.

ಇಲ್ಲಿ ನಮ್ಮ ಬಾಳಿನ ಒಂದು ಪ್ರಸಂಗವನ್ನು ಹೇಳಲು ಅನುಮತಿ ಬೇಡುತ್ತೇವೆ. ೧೯೮೩ರ ಮಾತು. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾವು ಮೂವರು ತರಬೇತಿಯ ಹುಡುಗರು. ಅಲ್ಲಿದ್ದ ಲೇತುಗಳಲ್ಲಿ ಹೆಚ್ಚಿನವು ಎಚ್‌ಎಂಟಿಯವು. ಎಚ್‌ಎಂಟಿ ಎಂದೊಡನೆ ಕೈಗಡಿಯಾರವನ್ನು ನೆನೆಯುವ ಮಕ್ಕಳಿಗೆ ಹೇಳಬೇಕು: ೧೯೫೩ರಲ್ಲಿ ಆರಂಭವಾದಾಗ ಅದು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ, ಗಡಿಯಾರ ಆಮೇಲಿನದು. ನಮಗೆ ಲೇತಿನ ಅಕ್ಷರಾಭ್ಯಾಸ ಮಾಡಿಸಿದವರು ಒಬ್ಬ ವೃದ್ಧ ಮೇಸ್ತ್ರಿಗಳು. ನಮ್ಮ ಕೈಯಲ್ಲಿ ಪದವಿಯ ಪ್ರಮಾಣಪತ್ರವಿತ್ತು. ಅವರ ಕೈಯಲ್ಲಿ ಕಸುಬಿತ್ತು. ಒಮ್ಮೆ ಟೈಟೇನಿಯಂ ಸುರುಳಿಗಳ ರಾಶಿಗೆ ಕಿಡಿ ಬಿದ್ದು ಕಣ್ಣು ಕುಕ್ಕುವ ಬಿಳಿ ಬೆಂಕಿ ಎದ್ದಾಗ, ನಮ್ಮಲ್ಲೊಬ್ಬ ನೀರಿನ ಬಕೆಟ್ಟಿಗೆ ಓಡಿದ. ಮೇಸ್ತ್ರಿಗಳು ಅವನ ಅಂಗಿಯ ಕಾಲರ್ ಹಿಡಿದು ನಿಲ್ಲಿಸಿ ಒಣ ಮರಳು ಸುರಿದರು. ಉರಿಯುವ ಟೈಟೇನಿಯಂ ಮೇಲೆ ನೀರು ಬಿದ್ದರೆ ಜಲಜನಕ ಹುಟ್ಟಿ ಸಿಡಿಯಬಹುದೆಂಬುದನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಆ ಗಳಿಗೆಗೆ ಅದು ಒದಗಲಿಲ್ಲ.

ಒಂದು ದಿನ ಟೈಟೇನಿಯಂ ಬಿಲ್ಲೆಯೊಂದರಲ್ಲಿ ವೃತ್ತಾಕಾರವಾಗಿ ತೂತುಗಳನ್ನು ಕೊರೆಯುವ ಕೆಲಸ ನಮಗೆ ಬಂತು. ಮೇಸ್ತ್ರಿಗಳು ಹೇಳಿದ್ದು ಇಷ್ಟೆ: "ಒಂದೇ ಸಮ ಒತ್ತಬೇಡ್ರಪ್ಪಾ. ಕೋಳಿ ಕಾಳು ಕುಕ್ಕೋ ಹಾಗೆ ಕುಕ್ಕಿ ಕುಕ್ಕಿ ತೆಗೀರಿ. ಡ್ರಿಲ್ ಆಚೆ ಬರಲಿ, ಹೊಟ್ಟು ಉದುರಲಿ, ಎಣ್ಣೆ ಒಳಗೆ ಹೋಗಲಿ, ಆಮೇಲೆ ಮತ್ತೆ." ಎಂಟು ತೂತುಗಳನ್ನು ಹಾಗೆಯೇ ಮಾಡಿದೆವು. ಒಂಬತ್ತನೆಯದಕ್ಕೆ ಊಟದ ಗಂಟೆ ಹತ್ತಿರವಾಗಿತ್ತು. ಒತ್ತಿದೆವು. ಡ್ರಿಲ್ ಕಿರುಚಿತು, ಹೊಗೆ ಬಂತು, ಮೊನೆ ಒಳಗೇ ಮುರಿಯಿತು. ಹರಸಾಹಸದಿಂದ ಚೂರನ್ನು ಹೊರತೆಗೆದು, ರೀಮರ್ ಆಡಿಸಿ, ಗೇಜ್ ಹಾಕಿ ನೋಡಿದೆವು. ಅಳತೆ ಸರಿಯಾಗಿತ್ತು. ಮೇಸ್ತ್ರಿಗಳು ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ಹಿಡಿದು ತೂತಿನೊಳಗೆ ಬಹಳ ಹೊತ್ತು ನೋಡಿ, ಬಿಲ್ಲೆಗೆ ಕೆಂಪು ಬಣ್ಣ ಬಳಿದುಬಿಟ್ಟರು. ಕೆಂಪೆಂದರೆ ಗುಜರಿ.

"ಅಳತೆ ಸರಿಯಿದೆಯಲ್ಲ ಮೇಸ್ತ್ರಿಗಳೇ?" ಎಂದೆವು.

"ಅಳತೆ ಇರೋದು ತೂತಿಗೆ. ಗೋಡೆ ಸುಟ್ಟಿದೆ."

ಆ ಬಿಲ್ಲೆಯ ಬೆಲೆ ನಮ್ಮ ಮೂವರ ಒಂದು ವರ್ಷದ ಭತ್ಯಕ್ಕಿಂತ ಹೆಚ್ಚು. ತೂತಿನ ಗೋಡೆಯಲ್ಲಿ ಕೂದಲೆಳೆಯಷ್ಟು ನೀಲಿ ಛಾಯೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮೇಸ್ತ್ರಿಗಳು ಅನಗತ್ಯವಾಗಿ ಬಿಲ್ಲೆಯನ್ನು ಹಾಳುಮಾಡಿದರೆಂದು ನಾವು ಮೇಲಧಿಕಾರಿಗಳಿಗೆ ಲಿಖಿತ ದೂರು ಕೊಟ್ಟೆವು. ತಪ್ಪು ಮಾಡಿದವರು ನಾವು, ದೂರು ಅವರ ಮೇಲೆ. ಅವರು ಏನೂ ಹೇಳಲಿಲ್ಲ; ಎರಡು ವರ್ಷಗಳ ಬಳಿಕ ನಿವೃತ್ತರಾದರು. ದೂರನ್ನು ನಾವು ಹಿಂದಕ್ಕೆ ಪಡೆಯಲಿಲ್ಲ.

೧೯೯೬ರ ಜುಲೈ ೬ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಪೆನ್ಸಕೋಲಾದಲ್ಲಿ ಡೆಲ್ಟಾ ಸಂಸ್ಥೆಯ ೧೨೮೮ನೆಯ ವಿಮಾನ ಅಟ್ಲಾಂಟಾಕ್ಕೆ ಹೊರಟು ಓಡುಹಾದಿಯಲ್ಲಿ ವೇಗ ಪಡೆಯುತ್ತಿತ್ತು. ಎಡಗಡೆಯ ಎಂಜಿನ್ನಿನ ಮುಂದಿನ ಟೈಟೇನಿಯಂ ಗುಂಬ ಒಡೆದು, ಅದರ ಚೂರುಗಳು ಪ್ರಯಾಣಿಕರ ಕೋಣೆಯನ್ನು ಸೀಳಿಕೊಂಡು ಹೋದವು. ತಾಯಿ ಮತ್ತು ಮಗ, ಇಬ್ಬರು ಸತ್ತರು. ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲವಾದ್ದರಿಂದ ಉಳಿದವರು ಬದುಕಿದರು. ತನಿಖೆಯ ವರದಿ ೧೯೯೮ರಲ್ಲಿ ಹೊರಬಂತು. ಗುಂಬದಲ್ಲಿ ಸುತ್ತಲೂ ಕೊರೆದ ತೂತುಗಳಿದ್ದವು. ಒಂದೊಂದೂ ಸುಮಾರು ಅರ್ಧ ಅಂಗುಲ ಅಗಲ, ಮೂರು ಅಂಗುಲ ಆಳ. ಅವುಗಳಲ್ಲೊಂದನ್ನು ಕಾರ್ಖಾನೆಯಲ್ಲಿ ಕೊರೆಯುವಾಗ ಡ್ರಿಲ್ ಕೆಟ್ಟು, ಹೊಟ್ಟು ಸಿಕ್ಕಿಕೊಂಡು, ಅಷ್ಟು ಜಾಗದಲ್ಲಿ ತಂಪುದ್ರವ ಸಾಲದೆ ಗೋಡೆಯ ಲೋಹದ ರಚನೆಯೇ ಬದಲಾಗಿತ್ತು. ಅತಿಯಾಗಿ ಕಾದ ಟೈಟೇನಿಯಂ ಆಮ್ಲಜನಕವನ್ನು ಹೀರಿಕೊಂಡು ಗಾಜಿನಂತೆ ಬಿರುಸಾಗುತ್ತದೆ. ಆ ಬಿರುಸು ಚರ್ಮದಿಂದ ಹೊರಟ ಬಿರುಕು ಹದಿಮೂರು ಸಾವಿರಕ್ಕೂ ಹೆಚ್ಚು ಹಾರಾಟಗಳ ಕಾಲ ಸ್ವಲ್ಪಸ್ವಲ್ಪವೇ ಬೆಳೆದಿತ್ತು. ಅಷ್ಟರಲ್ಲಿ ನಡೆದ ತಪಾಸಣೆಯಲ್ಲಿ ಕಾಣಬಹುದಾಗಿದ್ದ ಬಿರುಕು ಕಣ್ಣಿಗೆ ಬೀಳಲಿಲ್ಲ.

ಆ ವರದಿಯನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. ಮೇಸ್ತ್ರಿಗಳ ಊರಿಗೆ ಪತ್ರ ಬರೆದೆವು. ಅವರು ತೀರಿಕೊಂಡು ಮೂರು ವರ್ಷಗಳಾಗಿದ್ದವೆಂದು ಅವರ ಮಗನಿಂದ ಉತ್ತರ ಬಂತು.

ಅಂದಿನಿಂದ ನಮ್ಮ ಕೆಲಸದ ದಿಕ್ಕು ಬದಲಾಯಿತು. ಅಳತೆಗೆ ಸಿಗುವ ತೂತಿಗಿಂತ ಅಳತೆಗೆ ಸಿಗದ ಗೋಡೆಯ ಮೇಲೆ ಮನಸ್ಸು ಹೋಯಿತು. ಮೇಸ್ತ್ರಿಗಳ 'ಕುಕ್ಕಿ ಕುಕ್ಕಿ' ಎಂಬುದನ್ನು ಸೆಕೆಂಡಿಗೆ ೨೦,೦೦೦ ಸಲ ಮಾಡುವ ವಿದ್ಯೆಯ ಹೆಸರೇ ಶ್ರವಣಾತೀತ ಕಂಪನ ಸಹಿತ ಕಡಿತ.

ಇದರ ಪೂರ್ವಚರಿತ್ರೆಯನ್ನು ಬೇಗನೆ ದಾಟುತ್ತೇವೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡರು. ವಿದ್ಯುತ್ತು ಕೊಟ್ಟರೆ ಅದೇ ಹರಳು ಹಿಗ್ಗಿ ಕುಗ್ಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಫ್ರಾನ್ಸಿನ ಪಾಲ್ ಲಾಂಜೆವಿನ್ ಉಕ್ಕಿನ ಫಲಕಗಳ ನಡುವೆ ಇಂಥ ಹರಳನ್ನು ಬಿಗಿದು ನೀರಿನಲ್ಲಿ ಕಂಪನಗಳನ್ನು ಹರಿಸಿದರು. ೧೯೨೭ರಲ್ಲಿ ವುಡ್ ಮತ್ತು ಲೂಮಿಸ್ ಎಂಬ ಅಮೆರಿಕನ್ನರು ಹೀಗೆ ಕಂಪಿಸುವ ಗಾಜಿನ ಕಡ್ಡಿ ಗಾಜಿನ ಫಲಕವನ್ನೇ ಕೊರೆಯುವುದನ್ನು ವರದಿ ಮಾಡಿದರು. ೧೯೪೦ರ ದಶಕದಲ್ಲಿ ಲೂಯಿಸ್ ಬಾಲಮುತ್, ಕಂಪಿಸುವ ಮೊನೆಯ ಕೆಳಗೆ ನೀರಿನಲ್ಲಿ ಕದಡಿದ ಗಡಸು ಪುಡಿಯನ್ನು ಹರಿಸಿ ಗಾಜನ್ನೂ ಪಿಂಗಾಣಿಯನ್ನೂ ಬೇಕಾದ ಆಕಾರಕ್ಕೆ ಕೊರೆಯುವ ಯಂತ್ರವನ್ನು ರೂಪಿಸಿದರು. ಪಠ್ಯಪುಸ್ತಕಗಳಲ್ಲಿ 'ಶ್ರವಣಾತೀತ ಯಂತ್ರಣ' ಎಂದರೆ ಇಂದಿಗೂ ಇದೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಎಂಜಿನಿಯರಿಂಗ್ ಓದುವ ತಮ್ಮ ಮಕ್ಕಳಿಗೂ ಇದು ಪರೀಕ್ಷೆಯಲ್ಲಿ ಒದಗೀತು. ಬಾಲಮುತ್ ವಿಧಾನ ಭಿದುರ ವಸ್ತುಗಳಿಗೆ ಹೇಳಿ ಮಾಡಿಸಿದ್ದು. ಪುಡಿಯ ಕಣ ಬಡಿದರೆ ಗಾಜು ಚಿಟಿಕೆಯಷ್ಟು ಸಿಡಿಯುತ್ತದೆ. ಇಂಕೊನೆಲ್ ಸಿಡಿಯುವುದಿಲ್ಲ, ಏಟು ತಿಂದು ತಗ್ಗಾಗಿ, ಇನ್ನಷ್ಟು ಗಡುಸಾಗಿ ಕುಳಿತಿರುತ್ತದೆ. ಜಗಳಗಂಟರಿಗೆ ಬೈಗುಳ ತಾಗಿದಂತೆ. ಜಿಗುಟು ಲೋಹಗಳಿಗೆ ಬೇಕಾದದ್ದು ಪುಡಿಯಲ್ಲ, ಕಂಪಿಸುವ ಉಳಿ. ಈ ದಾರಿಯನ್ನು ಐವತ್ತು ಅರವತ್ತರ ದಶಕಗಳಲ್ಲಿ ಜಪಾನಿನ ಜುನಿಚಿರೊ ಕುಮಾಬೆ ವ್ಯವಸ್ಥಿತವಾಗಿ ತೆರೆದರು. ಅವರ ಸೂತ್ರ ಸರಳ. ಉಳಿ ಹಿಂದೆ ಸರಿಯುವ ವೇಗ, ಲೋಹ ಅದರ ಮೇಲೆ ಬರುವ ವೇಗಕ್ಕಿಂತ ಹೆಚ್ಚಿರಬೇಕು; ಆಗ ಮಾತ್ರ ಪ್ರತಿ ಕಂಪನದಲ್ಲೂ ಉಳಿ ಲೋಹದಿಂದ ಬಿಡಿಸಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ಉಳಿಯ ಮೊನೆ ತನ್ನ ನೆಲೆಯಿಂದ ಆಚೆಗೆ ೧೦ ಮೈಕ್ರಾನ್, ಈಚೆಗೆ ೧೦ ಮೈಕ್ರಾನ್ ಓಲಾಡುತ್ತದೆ. ನಮ್ಮ ತಲೆಗೂದಲಿನ ದಪ್ಪ ೭೦ ಮೈಕ್ರಾನ್ ಎಂದರೆ ಈ ಓಲಾಟ ಎಷ್ಟು ಅಲ್ಪವೆಂಬುದು ತಿಳಿಯುತ್ತದೆ. ಆದರೆ ಸೆಕೆಂಡಿಗೆ ೨೦,೦೦೦ ಸಲ ಓಲಾಡುವುದರಿಂದ ಅದರ ಗರಿಷ್ಠ ವೇಗ ನಿಮಿಷಕ್ಕೆ ೭೫ ಮೀಟರ್ ಆಗುತ್ತದೆ. ಸಾಮಾನ್ಯ ಉಕ್ಕನ್ನು ನಿಮಿಷಕ್ಕೆ ೨೦೦ ಮೀಟರ್ ವೇಗದಲ್ಲಿ ಕಡಿಯುವವರಿಗೆ ಇದರಿಂದ ಪ್ರಯೋಜನವಿಲ್ಲ; ಉಳಿ ಬಿಡಿಸಿಕೊಳ್ಳುವ ಮೊದಲೇ ಲೋಹ ಮೇಲೆರಗಿರುತ್ತದೆ. ಇಂಕೊನೆಲ್ಲನ್ನು ಕಾರ್ಬೈಡ್ ಉಳಿಯಿಂದ ನಿಮಿಷಕ್ಕೆ ೨೦ರಿಂದ ೪೦ ಮೀಟರಿಗಿಂತ ಹೆಚ್ಚು ವೇಗವಾಗಿ ಕಡಿಯುವುದೇ ಕಷ್ಟ. ಆ ಲೋಹದ ಸೋಮಾರಿತನವೇ ಇಲ್ಲಿ ವರವಾಯಿತು. ೨೦ ಮೀಟರ್ ವೇಗಕ್ಕೆ ಲೆಕ್ಕ ಹಾಕಿದರೆ ಪ್ರತಿ ಕಂಪನದ ಅವಧಿಯಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತು ಉಳಿ ಲೋಹವನ್ನು ಮುಟ್ಟಿಯೇ ಇರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎಡೆಬಿಡದೆ ಕಡಿಯುತ್ತಿರುವಂತೆಯೇ ಕಾಣುತ್ತದೆ.

ಯಂತ್ರದ ರಚನೆ ಸಂಗೀತ ಬಲ್ಲವರಿಗೆ ಬೇಗ ಅರ್ಥವಾದೀತು. ಹರಳುಬಿಲ್ಲೆಗಳ ಕಂಪನ ಬಹಳ ಚಿಕ್ಕದು. ಅದನ್ನು ಹಿಗ್ಗಿಸಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣಗಾಗುತ್ತ ಹೋಗುವ ಲೋಹದ ದಂಡವನ್ನು ಜೋಡಿಸುತ್ತಾರೆ. ಅದಕ್ಕೆ ಕೊಂಬು ಎಂದೇ ಹೆಸರು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೫,೦೦೦ ಮೀಟರ್ ಸಾಗುವುದರಿಂದ ಕೊಂಬಿನ ಉದ್ದ ಅರ್ಧ ತರಂಗದಷ್ಟು, ಎಂದರೆ ಹನ್ನೆರಡು ಹದಿಮೂರು ಸೆಂಟಿಮೀಟರ್ ಇರಬೇಕಾಗುತ್ತದೆ. ಅದನ್ನು ಎಲ್ಲೆಂದರಲ್ಲಿ ಹಿಡಿದರೆ ಕಂಪನ ಸತ್ತುಹೋಗುತ್ತದೆ. ಅಲುಗದೆ ನಿಂತಿರುವ ನಡುವಿನ ಬಿಂದುವಿನಲ್ಲೇ ಬಿಗಿಯಬೇಕು. ಉಳಿ ಲೋಹಕ್ಕೆ ತಾಗಿದೊಡನೆ ಇಡೀ ಜೋಡಣೆಯ ಶ್ರುತಿ ತಪ್ಪುತ್ತದೆ. ಮೊನೆ ಸವೆದರೆ ಮತ್ತೆ ತಪ್ಪುತ್ತದೆ, ಬಿಸಿಯಾದರೆ ಮತ್ತೆ. ಕಛೇರಿಯ ನಡುವೆ ತಂಬೂರಿಯ ಬಿರಡೆಯನ್ನು ಮತ್ತೆಮತ್ತೆ ತಿರುಗಿಸುವವರನ್ನು ತಾವು ಕಂಡಿದ್ದೀರಿ. ಇಲ್ಲಿ ಆ ಕೆಲಸ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಆಗಬೇಕು. ಈ ನಾಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಬಾಬಿಟ್ಸ್ಕಿ ಮತ್ತು ಅವರ ಸಂಗಡಿಗರು ಎರಡು ಸಾವಿರದ ಇಸವಿಯ ಆಚೀಚೆ ಸಾಧಿಸಿದ್ದು ಇದನ್ನೇ: ಯಂತ್ರ ತನ್ನ ಕಂಪನವನ್ನು ತಾನೇ ಆಲಿಸಿ ಶ್ರುತಿ ಸರಿಪಡಿಸಿಕೊಳ್ಳುವ ವ್ಯವಸ್ಥೆ. ಅದರಿಂದ ಅವರು ಇಂಕೊನೆಲ್ ೭೧೮ನ್ನು ಕಡಿದಾಗ ಸರಾಸರಿ ಬಲ ಗಣನೀಯವಾಗಿ ಇಳಿಯಿತು, ಮೇಲ್ಮೈ ನಯವಾಯಿತು. ಇತ್ತ ಜಪಾನಿನಲ್ಲಿ ಶಮೋಟೊ ಮತ್ತು ಮೊರಿವಾಕಿ ತೊಂಬತ್ತರ ದಶಕದಲ್ಲಿ ಉಳಿಯನ್ನು ಸರಳರೇಖೆಯ ಬದಲು ದೀರ್ಘವೃತ್ತದಲ್ಲಿ ಆಡಿಸಿದರು. ಉಳಿ ಕಡಿದು, ಸುರುಳಿಯನ್ನು ತಾನೇ ಮೇಲಕ್ಕೆತ್ತಿ, ಹೊರಬರುತ್ತದೆ. ಸೌಟಿನಿಂದ ಬಗ್ಗಿಸಿ ಎತ್ತಿದಂತೆ.

ಹೊಗಳಿಕೆ ಇಷ್ಟು ಸಾಕು. ಮಾರುವವರ ಕರಪತ್ರಗಳಲ್ಲಿ ಇಲ್ಲದ ಕೆಲವು ಮಾತುಗಳನ್ನು ಹೇಳಬೇಕು. ಬಲ ಇಳಿಯುವುದು ಸರಾಸರಿಯಲ್ಲಿ. ಉಳಿ ಲೋಹಕ್ಕೆ ತಾಗಿರುವ ಆ ಕ್ಷಣಾರ್ಧದಲ್ಲಿ ಬಲ ಹೆಚ್ಚುಕಡಿಮೆ ಮೊದಲಿನಷ್ಟೇ. ಬಲ ಇಳಿದ ಮಾತ್ರಕ್ಕೆ ಶಾಖವೂ ಇಳಿಯುತ್ತದೆ ಎನ್ನುವಂತಿಲ್ಲ. ಕಂಪನದ ಶಕ್ತಿಯೂ ಶಾಖವಾಗುವುದರಿಂದ, ತಂಪುದ್ರವವಿಲ್ಲದೆ ಕಡಿದರೆ ಶಾಖ ತುಸು ಹೆಚ್ಚಬಹುದೆಂದು ಲಫ್‌ಬರೋದವರ ಅಧ್ಯಯನಗಳೇ ತೋರಿಸಿವೆ. ನಾವು ಇದನ್ನು ಮೊದಲು ನಂಬದೆ, ನಮ್ಮ ಪ್ರಯೋಗಾಲಯದಲ್ಲಿ ಅಳೆದು ನೋಡಿ ಒಪ್ಪಿಕೊಂಡೆವು. ನಿಜವಾದ ಲಾಭವಿರುವುದು ಬಿಡುವಿನಲ್ಲಿ. ಉಳಿ ಸರಿದ ಸಂದಿಗೆ ತಂಪುದ್ರವ ನುಗ್ಗುತ್ತದೆ, ಅಂಟು ಕಟ್ಟಲು ಹೊತ್ತು ಸಿಗುವುದಿಲ್ಲ, ಹೊಟ್ಟು ತುಂಡುತುಂಡಾಗಿ ಈಚೆ ಬರುತ್ತದೆ. ಮೇಸ್ತ್ರಿಗಳು ಹೇಳಿದ ಮೂರು ಮಾತುಗಳೂ ಇವೇ. ಮತ್ತೊಂದು ತೊಡಕು: ಮೊನೆಯ ಮೇಲೆ ಬೀಳುವ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು ೧೬,೦೦೦ ಪಟ್ಟು. ಬಿಗಿತದಲ್ಲಿ ಎಳ್ಳಷ್ಟು ಲೋಪವಿದ್ದರೂ ಕಾರ್ಬೈಡ್ ಅಂಚು ಚಕ್ಕೆಯೇಳುತ್ತದೆ. ನಾವು ಮುರಿದ ಮೊನೆಗಳನ್ನು ಸಾಲಾಗಿ ಇಟ್ಟರೆ ಈ ಸಭಾಂಗಣದ ಒಂದು ಗೋಡೆಗೆ ಸಾಲದು.

ಹಾಗಾದರೆ ಎಲ್ಲ ಎಂಜಿನ್ ಕಾರ್ಖಾನೆಗಳೂ ಇದನ್ನು ಏಕೆ ಹಿಡಿದಿಲ್ಲ ಎಂದು ತಾವು ಕೇಳಬಹುದು. ವಿಮಾನದ ತಿರುಗುವ ಭಾಗಗಳ ವಿಷಯದಲ್ಲಿ ಒಮ್ಮೆ ಒಪ್ಪಿತವಾದ ವಿಧಾನವನ್ನು ಕೂದಲೆಳೆಯಷ್ಟು ಬದಲಿಸಬೇಕಾದರೂ ಮತ್ತೆ ಮೊದಲಿನಿಂದ ಪರೀಕ್ಷಿಸಿ ಸಿದ್ಧಪಡಿಸಿ ತೋರಿಸಬೇಕು. ಪೆನ್ಸಕೋಲಾದ ಬಳಿಕ ಈ ಬಿಗಿ ಇನ್ನಷ್ಟು ಹೆಚ್ಚಿತು. ಎಂಜಿನ್ನಿನ ತಿರುಗುವ ಭಾಗಗಳಲ್ಲಿ ಕೊರೆಯುವ ತೂತುಗಳಿಗಾಗಿಯೇ ಅಮೆರಿಕದ ವಿಮಾನಯಾನ ಆಡಳಿತವು ೨೦೦೯ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ಕಂಪನದಿಂದ ಕಡಿದ ಮೇಲ್ಮೈಯಲ್ಲಿ ಒಳಮುಖವಾಗಿ ಅದುಮಿದ ಒತ್ತಡ ಉಳಿಯುತ್ತದೆ, ಅದು ಬಿರುಕನ್ನು ತಡೆಯುತ್ತದೆ ಎಂದು ಹಲವು ಪ್ರಯೋಗಗಳು ಹೇಳುತ್ತವೆ. ಪ್ರಯೋಗಾಲಯದ ತುಂಡು ಬೇರೆ, ಜನರನ್ನು ಹೊತ್ತು ಹಾರುವ ಬಿಲ್ಲೆ ಬೇರೆ. ಈ ನಿಧಾನ ನಮಗೆ ಒಮ್ಮೊಮ್ಮೆ ಬೇಸರ ತರಿಸಿದರೂ, ಅದು ಸರಿಯೆಂದೇ ನಮ್ಮ ಅಭಿಪ್ರಾಯ. ಪೆನ್ಸಕೋಲಾದ ಆ ತೂತನ್ನು ಕಂಪನದಿಂದ ಕೊರೆದಿದ್ದರೆ ಆ ತಾಯಿ ಮಗ ಉಳಿಯುತ್ತಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಡ್ರಿಲ್ ಕೆಟ್ಟದ್ದು ಗೊತ್ತಾಗದೆ ಹೋದರೆ ಯಾವ ವಿಧಾನದಲ್ಲೂ ಗೋಡೆ ಸುಡುತ್ತದೆ. ಆದ್ದರಿಂದಲೇ ಈಗ ನಾವು ಕಂಪನಕ್ಕಿಂತಲೂ ಹೆಚ್ಚಾಗಿ, ಕಡಿಯುತ್ತಿರುವಾಗಲೇ ಬಲವನ್ನೂ ವಿದ್ಯುತ್ ಬಳಕೆಯನ್ನೂ ಗಮನಿಸಿ ಯಂತ್ರವನ್ನು ತಾನಾಗಿ ನಿಲ್ಲಿಸುವ ಉಪಾಯಗಳ ಮೇಲೆ ಕೆಲಸ ಮಾಡುತ್ತಿದ್ದೇವೆ. ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡುವವರು ಎಲ್ಲ ಕಡೆ ಸಿಗುವುದಿಲ್ಲವಲ್ಲ.

ಮೇಜಿನ ಮೇಲೆ ಎರಡು ಗಾಜಿನ ಸೀಸೆಗಳನ್ನು ಇಟ್ಟಿದ್ದೇವೆ. ಒಂದರಲ್ಲಿ ಸಾಧಾರಣ ರೀತಿಯಲ್ಲಿ ಕೊರೆದಾಗ ಬಂದ ಟೈಟೇನಿಯಂ ಸುರುಳಿ. ಉದ್ದವಾಗಿ, ಸಿಕ್ಕುಸಿಕ್ಕಾಗಿ, ಅಲ್ಲಲ್ಲಿ ನೀಲಿಗಟ್ಟಿದೆ. ಇನ್ನೊಂದರಲ್ಲಿ ಕಂಪನದಿಂದ ಕೊರೆದಾಗ ಬಂದದ್ದು. ಅವಲಕ್ಕಿಯಂತೆ ಪುಟ್ಟ ಪುಟ್ಟ ಚೂರುಗಳು, ಬೆಳ್ಳಿಯ ಬಣ್ಣ. ಊಟಕ್ಕೆ ಏಳುವ ಮುನ್ನ ಮಕ್ಕಳು ಬಂದು ನೋಡಬಹುದು. ಸೀಸೆಗಳ ಮುಚ್ಚಳವನ್ನು ಮಾತ್ರ ತೆಗೆಯಬಾರದು, ಅಂಚುಗಳು ಹರಿತವಾಗಿವೆ.